ಇಪ್ಪತ್ತು ವರ್ಷ ಸಿಗರೇಟ್ ಸೇದಿದವರು ವೇಪ್‌ಗೆ ಒಗ್ಗಿಕೊಳ್ಳುವುದು ಹೇಗೆ

ವೇಪ್ ಅಂದರೆ ನಿಕೋಟಿನ್ (ಸಿಗರೇಟಿನ ಚಟ ಹಿಡಿಸುವ ವಸ್ತು) ಇರುವ ದ್ರವವನ್ನು ಬಿಸಿ ಮಾಡಿ ಆವಿ ಎಳೆಯುವ ಎಲೆಕ್ಟ್ರಾನಿಕ್ ಸಿಗರೇಟ್. ಮೊದಲ ದಿನ ಅದನ್ನು ಎಳೆದವರೆಲ್ಲ ಹೇಳುವುದು ಒಂದೇ ಮಾತು: "ಇದರಲ್ಲಿ ಏನೂ ಇಲ್ವಲ್ಲ ಮಾರಾಯಾ." ಎರಡನೇ ದಿನ ಕೆಮ್ಮು. ಮೂರನೇ ದಿನ ಬಾಯಲ್ಲಿ ಸುಟ್ಟ ಬಟ್ಟೆಯ ರುಚಿ. ನಾಲ್ಕನೇ ದಿನ ಪೆಟ್ರೋಲ್ ಬಂಕಿಗೆ ಹೋಗಿ ಒಂದು ಪ್ಯಾಕ್ ಸಿಗರೇಟ್. ನನ್ನ ಮೊದಲ ಪ್ರಯತ್ನ ಮುಗಿದದ್ದು ಹೀಗೆಯೇ. ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ. ಎರಡನೇ ಸಲ ಹೊರಟಾಗ ಗೊತ್ತಾಯಿತು, ನಾನು ಸೋತದ್ದು ನಾಲ್ಕೈದು ಸಣ್ಣ ಸಣ್ಣ ವಿಷಯಗಳಲ್ಲಿ, ಅವನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ.

ಇದು ಯಾರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ಹಾಗೆ ಬ್ರಿಟನ್ನಿಗೆ ಬಂದು ಸೇರಿಕೊಂಡು, ವರ್ಷಗಟ್ಟಲೆ ಸೇದಿ, ಈಗ ಬಿಡಬೇಕು ಅನ್ನುತ್ತಿರುವ ನಮ್ಮ ಕಡೆಯವರಿಗೆ. ಇಲ್ಲಿ ವೇಪ್‌ಗೆ ಕಾನೂನಿನ ಅಡ್ಡಿ ಇಲ್ಲ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರೂ ಸಿಗರೇಟ್ ಬಿಡಿಸುವುದಕ್ಕೆ ಇದನ್ನು ಬಳಸುತ್ತಾರೆ. ಭಾರತದಲ್ಲಿ ಇದಕ್ಕೆ 2019ರಿಂದ ನಿಷೇಧವಿದೆ. ಅಲ್ಲಿ ಕದ್ದು ಮಾರುವ ವೇಪ್ ಒಳಗೆ ಏನು ತುಂಬಿರುತ್ತಾರೋ ಆ ದೇವರೇ ಬಲ್ಲ, ಅಲ್ಲಿರುವವರು ಆ ದಾರಿ ಬಿಟ್ಟು ನೇರ ಕೊನೆಗೆ ಹೋಗಿ ನಿಕೋಟಿನ್ ಗಮ್ ವಿಷಯ ಓದಿಕೊಳ್ಳಿ. ಸಿಗರೇಟ್ ಮುಟ್ಟದವರು ವೇಪ್ ಕಡೆ ತಲೆ ಹಾಕಲೂ ಬೇಡಿ. ಇದು ಹೊಗೆಗಿಂತ ವಾಸಿ ಹೊರತು ಶುದ್ಧ ಗಾಳಿಗಿಂತ ವಾಸಿ ಅಲ್ಲ.

ನಾನು 22 ವರ್ಷ ಸೇದಿದವನು. ಮೈಸೂರಿನಲ್ಲಿ ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಬಿಡಿ ಸಿಗರೇಟಿನಿಂದ ಶುರುವಾದದ್ದು, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಜನವರಿ ಚಳಿಯಲ್ಲಿ ಹಿಂಬಾಗಿಲ ಹೊರಗೆ ನಡುಗುತ್ತಾ ನಿಲ್ಲುವವರೆಗೆ ಬಂದಿತ್ತು. ದಿನಕ್ಕೆ ಒಂದು ಪ್ಯಾಕು. ಇಲ್ಲಿ ಒಂದು ಪ್ಯಾಕಿನ ಬೆಲೆ ಹದಿನೈದು ಪೌಂಡ್ ದಾಟಿದೆ ಅಂತ ಗೊತ್ತಿದ್ದೂ.

ಮೊದಲ ತಪ್ಪು ನಿಕೋಟಿನ್ ಪ್ರಮಾಣದ್ದು. ಅಂಗಡಿಯವನು "ಎಷ್ಟು ಬೇಕು" ಅಂದಾಗ ನಾನು ಒಳ್ಳೆಯ ಹುಡುಗನ ಹಾಗೆ "ಕಮ್ಮಿ ಕೊಡಿ, 3 ಸಾಕು" ಅಂದೆ. ದಿನಕ್ಕೆ 20 ಸೇದುವವನಿಗೆ 3 ಮಿಲಿಗ್ರಾಂ ಎಲ್ಲಿ ಸಾಕಾಗುತ್ತದೆ? ಇಡೀ ದಿನ ಎಳೆದೆ, ಗಂಟಲು ಒಣಗಿತು, ಆಸೆ ತೀರಲಿಲ್ಲ. ಬ್ರಿಟನ್ನಿನಲ್ಲಿ ಒಂದು ಎಂಎಲ್ ದ್ರವಕ್ಕೆ ಗರಿಷ್ಠ 20 ಮಿಲಿಗ್ರಾಂ ನಿಕೋಟಿನ್ ಇರಬಹುದು, ಅದಕ್ಕಿಂತ ಜಾಸ್ತಿ ಮಾರುವಂತಿಲ್ಲ. ದಿನಕ್ಕೆ ಒಂದು ಪ್ಯಾಕು ಸೇದುವವರು 18 ಅಥವಾ 20ರಿಂದ ಶುರು ಮಾಡಿ, ನಾಚಿಕೆ ಬೇಡ. ಹತ್ತರ ಸುತ್ತಮುತ್ತ ಇರುವವರಿಗೆ 10ರಿಂದ 12 ಸಾಕಾಗುತ್ತದೆ. ಕಮ್ಮಿಯಾದರೆ ಕೈ ತಾನಾಗಿ ಸಿಗರೇಟಿಗೆ ಹೋಗುತ್ತದೆ. ಜಾಸ್ತಿಯಾದರೆ ದೇಹವೇ ಹೇಳುತ್ತದೆ: ತಲೆನೋವು, ಹೊಟ್ಟೆ ತೊಳಸುವುದು, ಬಿಕ್ಕಳಿಕೆ. ಆಗ ಕೆಳಗಿಟ್ಟು ನೀರು ಕುಡಿದು ಸ್ವಲ್ಪ ಹೊರಗೆ ಓಡಾಡಿ, ಮುಂದಿನ ಬಾಟಲಿ ಒಂದು ಮೆಟ್ಟಿಲು ಕೆಳಗಿನದು ತನ್ನಿ.

ಬಾಟಲಿ ಮೇಲೆ 'ನಿಕ್ ಸಾಲ್ಟ್' ಅಂತ ಇರುವುದನ್ನು ನೋಡಿ ತೆಗೆದುಕೊಳ್ಳಿ. ಮಾಮೂಲಿ ನಿಕೋಟಿನ್ 20ರಲ್ಲಿ ಎಳೆದರೆ ಗಂಟಲಿಗೆ ಮೆಣಸಿನಪುಡಿ ಎರಚಿದ ಹಾಗೆ ಆಗುತ್ತದೆ, ಸಾಲ್ಟ್ ನುಣ್ಣಗೆ ಇಳಿಯುತ್ತದೆ. ಅದೇ ಬಾಟಲಿ ಮೇಲೆ ಪಿಜಿ, ವಿಜಿ ಅಂತ ಬರೆದಿರುತ್ತದೆ, ಅವು ದ್ರವದ ಎರಡು ಮೂಲ ಪದಾರ್ಥಗಳು: ಪ್ರೊಪಿಲೀನ್ ಗ್ಲೈಕಾಲ್ ಮತ್ತು ಸಸ್ಯದ ಗ್ಲಿಸರಿನ್. ಪಿಜಿ ತೆಳು, ಗಂಟಲಿಗೆ ಸಿಗರೇಟಿನ ಹಾಗೆ ಹೊಡೆತ ಕೊಡುತ್ತದೆ. ವಿಜಿ ಮಂದ, ಹೊಗೆಯಂಥ ಮೋಡ ಅದರದ್ದು. ಎರಡೂ 50-50 ಇರುವುದು ಸಿಗರೇಟಿನಿಂದ ಬಂದವರಿಗೆ ಸರಿ. ಸಾಧನವೂ ಸಣ್ಣದೇ ಇರಲಿ, ಪೆನ್ನಿನಷ್ಟೋ ಬೆಂಕಿಪೊಟ್ಟಣದಷ್ಟೋ ಇರುವ, ದ್ರವ ತುಂಬಿಸಿಕೊಳ್ಳುವ ಸಣ್ಣ ಡಬ್ಬಿ (ಪಾಡ್) ಇರುವಂಥದ್ದು. ಕೈತುಂಬಾ ಇರುವ ದೊಡ್ಡ ಯಂತ್ರಗಳು ಮೋಡ ಬಿಡುವ ಹುಡುಗರಿಗೆ. ಅವುಗಳಲ್ಲಿ 20 ಮಿಲಿಗ್ರಾಂ ಹಾಕಿ ಎಳೆದರೆ ತಲೆ ಗಿರ್ ಅನ್ನುತ್ತದೆ. ಬಳಸಿ ಎಸೆಯುವ ವೇಪ್ ಹುಡುಕಬೇಡಿ, 2025ರ ಜೂನ್ 1ರಿಂದ ಇಲ್ಲಿ ಅವನ್ನು ಮಾರುವಂತಿಲ್ಲ. ಇನ್ನೂ ಮಾರುತ್ತಿರುವ ಅಂಗಡಿ ಅಂದರೆ ಬೇರೆ ಸಾಮಾನಿನಲ್ಲೂ ಅನುಮಾನ ಪಡಬೇಕಾದ ಅಂಗಡಿ.

ಈಗ ಎಳೆಯುವ ರೀತಿ. ಎಲ್ಲರೂ ಎಡವುವುದು ಇಲ್ಲೇ.

ಸಿಗರೇಟನ್ನು ನಾವು ಚುಟುಕಾಗಿ, ಜೋರಾಗಿ ಎಳೆಯುತ್ತೇವೆ. ಜೋರಾಗಿ ಎಳೆದಷ್ಟೂ ತುದಿ ಕೆಂಪಗೆ ಉರಿಯುತ್ತದೆ, ಹೊಗೆ ಜಾಸ್ತಿ ಬರುತ್ತದೆ. ವೇಪ್‌ನಲ್ಲಿ ಉರಿಯುವುದಕ್ಕೆ ಏನೂ ಇಲ್ಲ. ಒಳಗೆ ಒಂದು ಸಣ್ಣ ತಂತಿಯ ಸುರುಳಿ (ಕಾಯಿಲ್) ಬಿಸಿಯಾಗಿ, ಅದರ ಜೊತೆಗಿರುವ ಹತ್ತಿ ಹೀರಿಕೊಂಡ ದ್ರವವನ್ನು ಆವಿ ಮಾಡುತ್ತದೆ. ಬಿಸಿಯಾಗಲು ಅದಕ್ಕೆ ಹೊತ್ತು ಬೇಕು. ನೀವು ಹಳೇ ಅಭ್ಯಾಸದಂತೆ ಸರ್ರನೆ ಎಳೆದರೆ ಆವಿ ಬರುವ ಬದಲು ದ್ರವವೇ ಬಾಯಿಗೆ ಬರುತ್ತದೆ, ಒಳಗೆ ಹುಕ್ಕಾದ ಹಾಗೆ ಗುಳುಗುಳು ಅನ್ನುತ್ತದೆ. ಹಾಗಾಗಿ ಮೂರು ನಾಲ್ಕು ಸೆಕೆಂಡು, ಬಿಸಿ ಕಾಫಿಯನ್ನು ತುಟಿ ಸುಡದ ಹಾಗೆ ಹೀರುತ್ತೀರಲ್ಲ, ಅಷ್ಟು ನಿಧಾನವಾಗಿ ಮೊದಲು ಬಾಯಿಗೆ ಎಳೆದುಕೊಳ್ಳಿ, ಆಮೇಲೆ ಉಸಿರಿನ ಜೊತೆ ಒಳಗೆ ಬಿಡಿ. ನನಗೆ ಇದು ಕೈಹತ್ತಲು ಒಂದು ವಾರ ಹಿಡಿಯಿತು. 22 ವರ್ಷದ ತುಟಿ, ಹೇಳಿದ ತಕ್ಷಣ ಕೇಳುತ್ತದಾ?

ನಿಕೋಟಿನ್ ತಲೆಗೆ ಏರುವ ವೇಗವೂ ಬೇರೆ. ಸಿಗರೇಟಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಒಂದು ಧಕ್ಕೆ ಬರುತ್ತದೆ. ವೇಪ್‌ನಲ್ಲಿ ಅಷ್ಟು ಜೋರಿನ ಧಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬೆಳಗಿನ ಮೊದಲ ಸಿಗರೇಟಿನ ಆ ಹೊಡೆತ ಇದರಲ್ಲಿ ಸಿಗುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡುಬಿಡಿ. ನಾಲ್ಕೈದು ದಮ್ ಎಳೆದು, ಇಟ್ಟು, ಹತ್ತು ನಿಮಿಷ ಕಾಯಿರಿ. ಆಸೆ ಇಳಿದಿರುತ್ತದೆ.

ಸುಟ್ಟ ರುಚಿಯ ಕಥೆ ಸಣ್ಣದು. ಹೊಸ ಕಾಯಿಲ್ ಅಥವಾ ಪಾಡ್ ಹಾಕಿ ದ್ರವ ತುಂಬಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ, ಹತ್ತಿ ಪೂರ್ತಿ ನೆನೆಯಲಿ. ಒಣ ಹತ್ತಿಗೆ ಬಿಸಿ ತಾಗಿದರೆ ಸುಟ್ಟುಹೋಗುತ್ತದೆ, ಆಮೇಲೆ ಏನು ಮಾಡಿದರೂ ಆ ವಾಸನೆ ಹೋಗುವುದಿಲ್ಲ, ಎಸೆಯಬೇಕು. ಬಿಡುವಿಲ್ಲದೆ ಒಂದೇ ಸಮನೆ ಎಳೆದರೂ ಇದೇ ಗತಿ. ಒಂದು ಕಾಯಿಲ್ ಒಂದೆರಡು ವಾರ ಬಂದರೆ ಬಂತು. ಸಿಹಿ ಜಾಸ್ತಿ ಇರುವ ದ್ರವ ಹಾಕಿದರೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಕಪ್ಪಾಗಿ ಇನ್ನೂ ಬೇಗ ಹೋಗುತ್ತದೆ. ಮನೆಯಲ್ಲಿ ಯಾವಾಗಲೂ ಒಂದು ಹೊಸ ಕಾಯಿಲ್ ಇರಲಿ. ಭಾನುವಾರ ರಾತ್ರಿ ಕಾಯಿಲ್ ಸುಟ್ಟು, ಅಂಗಡಿ ಮುಚ್ಚಿ, ಸಿಗರೇಟಿಗೆ ವಾಪಸ್ ಹೋದವರನ್ನು ನಾನು ಬಲ್ಲೆ. ನಾನೇ ಅವನು.

ರುಚಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ತಂಬಾಕಿನ ಫ್ಲೇವರ್ ಬೇಡ. ಅದು ಸಿಗರೇಟಿನ ಹಾಗೆ ಇರುವುದಿಲ್ಲ, ಸಿಗರೇಟನ್ನು ನೆನಪು ಮಾತ್ರ ಮಾಡಿಸುತ್ತದೆ. ಪುದೀನವೋ ಹಣ್ಣೋ ತೆಗೆದುಕೊಂಡರೆ ತಿಂಗಳೊಳಗೆ ಸಿಗರೇಟಿನ ರುಚಿಯೇ ಅಸಹ್ಯ ಅನ್ನಿಸುತ್ತದೆ, ನಮಗೆ ಬೇಕಾದದ್ದೂ ಅದೇ ಅಲ್ವಾ? ಕೆಲವೊಮ್ಮೆ ಒಂದೇ ಫ್ಲೇವರ್ ಎಳೆದೂ ಎಳೆದೂ ನಾಲಿಗೆಗೆ ಏನೂ ಗೊತ್ತಾಗದ ಹಾಗೆ ಆಗುತ್ತದೆ. ನೀರು ಕುಡಿಯಿರಿ, ಎರಡು ದಿನ ಫ್ಲೇವರ್ ಬದಲಿಸಿ.

ಕೆಮ್ಮಿಗೆ ಹೆದರಿ ಬಿಟ್ಟವರು ಬಹಳ. ಮೊದಲ ವಾರಗಳಲ್ಲಿ ಕೆಮ್ಮು ಬರುವುದು ಮಾಮೂಲಿ. ಒಂದು, ಗಂಟಲಿಗೆ ಆವಿ ಹೊಸದು, ಪಿಜಿ ಬೇರೆ ಒಣಗಿಸುತ್ತದೆ. ಇನ್ನೊಂದು, ಇಷ್ಟು ವರ್ಷ ಹೊಗೆಗೆ ಮಲಗಿದ್ದ ಶ್ವಾಸನಾಳದ ಸಣ್ಣ ಕೂದಲುಗಳು ಎದ್ದು ಕಫವನ್ನು ಹೊರಗೆ ತಳ್ಳಲು ಶುರು ಮಾಡುತ್ತವೆ. ಬಾಯಿ ಹುಣ್ಣು, ಮಲಬದ್ಧತೆ, ಸಿಡಿಮಿಡಿ ಕೂಡ ಬರಬಹುದು, ಅವು ಸಿಗರೇಟ್ ಬಿಟ್ಟದ್ದರ ಲಕ್ಷಣ. ಹೆಂಡತಿ ಮಕ್ಕಳಿಗೆ ಎರಡು ವಾರದ ಮುನ್ಸೂಚನೆ ಕೊಟ್ಟಿಡಿ. ಆದರೆ ಕೆಮ್ಮು ಮೂರು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ಎದೆ ನೋವಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಹಳೇ ಸೇದುಗರು "ಇದು ವೇಪ್ ಕೆಮ್ಮು" ಅಂತ ತಳ್ಳಿಹಾಕುವುದು ಅಪಾಯ.

ಇನ್ನು ಕಾಫಿ. ಇದನ್ನು ನನಗೆ ಹೇಳಿದ್ದು ಸಿಗರೇಟ್ ಬಿಡಿಸುವ ಕೇಂದ್ರದ ಹೆಂಗಸು, ಕೇಳಿ ನಗು ಬಂತು, ಆಮೇಲೆ ನಿಜ ಅಂತ ಗೊತ್ತಾಯಿತು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಲಿವರ್‌ನ ಕೆಲಸವನ್ನು ಚುರುಕು ಮಾಡುತ್ತವೆ, ಅದರಿಂದ ಕೆಫೀನ್ ಬೇಗ ಕರಗುತ್ತದೆ. ನಾವು ಸೇದುವವರು ದಿನಕ್ಕೆ ಐದು ಲೋಟ ಕಾಫಿ ಕುಡಿದು ಗೊರಕೆ ಹೊಡೆಯುತ್ತಿದ್ದದ್ದು ಇದರಿಂದಲೇ. ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ, ಹಾಗಾಗಿ ವೇಪ್‌ಗೆ ಬಂದ ಮೇಲೆ ಆ ಚುರುಕು ಹೋಗುತ್ತದೆ. ಅದೇ ಐದು ಲೋಟ ಈಗ ಎದೆ ಡವಡವ ಅನ್ನಿಸುತ್ತದೆ, ಕೈ ನಡುಗಿಸುತ್ತದೆ, ರಾತ್ರಿ ಎರಡಕ್ಕೆ ಛಾವಣಿ ನೋಡಿಸುತ್ತದೆ, ನಾವು ವೇಪ್ ಆಗಿಬರಲಿಲ್ಲ ಅಂತ ಅದನ್ನು ಬೈಯುತ್ತೇವೆ. ಕಾಫಿಯನ್ನು ಅರ್ಧಕ್ಕೆ ಇಳಿಸಿ. ಕೆಲವು ಔಷಧಿಗಳಿಗೂ ಇದೇ ಲೆಕ್ಕ: ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೀನ್, ಒಲಾಂಜಪೀನ್, ಉಸಿರಾಟದ ತೊಂದರೆಗೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುವವರು ಸಿಗರೇಟ್ ನಿಲ್ಲಿಸುವ ಮೊದಲೇ ಡಾಕ್ಟರಿಗೆ ಹೇಳಬೇಕು, ಪ್ರಮಾಣ ಬದಲಿಸಬೇಕಾಗಬಹುದು. ಇನ್ಸುಲಿನ್ ಮತ್ತು ವಾರ್ಫರಿನ್ ತೆಗೆದುಕೊಳ್ಳುವವರೂ ಹೇಳಿಡಿ.

ಆ ಕೇಂದ್ರದಲ್ಲಿ ಒಂದು ಸಣ್ಣ ಯಂತ್ರಕ್ಕೆ ಊದಿಸುತ್ತಾರೆ, ಉಸಿರಿನಲ್ಲಿ ಎಷ್ಟು ಕಾರ್ಬನ್ ಮೊನಾಕ್ಸೈಡ್ ಇದೆ ಅಂತ ತೋರಿಸುತ್ತದೆ. ಅದು ಏನಾದರೂ ಉರಿದಾಗ ಹುಟ್ಟುವ ಗಾಳಿ, ವೇಪ್‌ನಲ್ಲಿ ಉರಿಯುವುದಿಲ್ಲವಾದ್ದರಿಂದ ಸಿಗರೇಟ್ ಪೂರ್ತಿ ಬಿಟ್ಟ ಒಂದೆರಡು ದಿನದಲ್ಲೇ ಅಂಕಿ ಇಳಿಯುತ್ತದೆ. ಪೂರ್ತಿ ಬಿಟ್ಟರೆ ಮಾತ್ರ. "ಮನೆಯಲ್ಲಿ ವೇಪ್, ಆಫೀಸಿನಲ್ಲಿ ಸಿಗರೇಟ್" ಅಂತ ನಾನು ಮೂರು ವಾರ ನಡೆಸಿದ್ದೆ, ಅದನ್ನು ಆ ಯಂತ್ರ ಮುಲಾಜಿಲ್ಲದೆ ಹೊರಹಾಕಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಒಂದೆರಡು ವಾರಕ್ಕೆ ಸರಿ, ಆಮೇಲೆ ಖರ್ಚು ಎರಡರದ್ದು, ಲಾಭ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಒಂದು ದಿನ ಗೊತ್ತು ಮಾಡಿ, ಮನೆಯಲ್ಲಿರುವ ಆ್ಯಶ್‌ಟ್ರೇ, ಲೈಟರು ಎಲ್ಲ ಎತ್ತಿ ಹಾಕಿ.

ಆದರೆ ಸಿಗರೇಟಿನಲ್ಲಿ ಒಂದು ಒಳ್ಳೆಯ ಗುಣ ಇತ್ತು. ಅದು ಮುಗಿಯುತ್ತಿತ್ತು. ಫಿಲ್ಟರ್ ತನಕ ಬಂತು, ಕಾಲಡಿ ಹಾಕಿ ಹೊಸಕಿದೆವು, ಒಳಗೆ ಬಂದೆವು. ವೇಪ್‌ಗೆ ಕೊನೆ ಅನ್ನುವುದಿಲ್ಲ. ಸೋಫಾದಲ್ಲಿ, ಹಾಸಿಗೆಯಲ್ಲಿ, ಟೀವಿ ಮುಂದೆ ಸುಮ್ನೆ ಬಾಯಿಗೆ ಹೋಗುತ್ತಿರುತ್ತದೆ, ಸಿಗರೇಟಿಗಿಂತ ಜಾಸ್ತಿ ನಿಕೋಟಿನ್ ಒಳಗೆ ಹೋದರೂ ಗೊತ್ತಾಗುವುದಿಲ್ಲ. ನಾನು ಹಳೇ ಜಾಗವನ್ನೇ ಉಳಿಸಿಕೊಂಡೆ: ಹಿಂಬಾಗಿಲ ಹೊರಗೆ ಮಾತ್ರ, ಹತ್ತು ಹನ್ನೆರಡು ದಮ್, ಆಮೇಲೆ ಒಳಗೆ ಬಂದು ಫ್ರಿಜ್ ಮೇಲೆ. ಎತ್ತರದಲ್ಲಿ ಇಡಲು ಇನ್ನೊಂದು ಕಾರಣವೂ ಇದೆ. ಆ ದ್ರವ ಮಕ್ಕಳ ಹೊಟ್ಟೆಗೆ ಹೋದರೆ ವಿಷ, ಸ್ವಲ್ಪ ಹೋದರೂ ಅಪಾಯ. ಬಾಟಲಿಯನ್ನು ಔಷಧಿಯ ಹಾಗೆ ಬೀಗ ಹಾಕಿ ಇಡಿ, ಕೈಗೆ ಚೆಲ್ಲಿದರೆ ತೊಳೆಯಿರಿ. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಮಲಗಬೇಡಿ.

ಮೊದಲ ಮೂರು ತಿಂಗಳು ನಿಕೋಟಿನ್ ಇಳಿಸುವ ಯೋಚನೆ ಮಾಡಬೇಡಿ. ಸಿಗರೇಟ್ ಪೂರ್ತಿ ಮರೆತ ಮೇಲೆ 20ರಿಂದ 10, ಅಲ್ಲಿಂದ 6, 3, ಹೀಗೆ ತಿಂಗಳುಗಳ ಅಂತರದಲ್ಲಿ ಇಳಿಯಿರಿ. ಇಳಿಸಿದ ಮೇಲೆ ದಮ್‌ಗಳು ಎರಡರಷ್ಟಾಗಿದ್ದರೆ ನೀವು ಏನೂ ಇಳಿಸಿಲ್ಲ ಅಂತ ಅರ್ಥ, ಒಂದು ಮೆಟ್ಟಿಲು ಮೇಲೆ ಹೋಗಿ ಇನ್ನಷ್ಟು ದಿನ ಕಾಯಿರಿ.

ಕೊನೆಗೆ ಊರಿಗೆ ಹೋಗುವ ವಿಷಯ. ನಮ್ಮವರು ವಾಪಸ್ ಸಿಗರೇಟಿಗೆ ಬೀಳುವುದು ಜಾಸ್ತಿ ಇಲ್ಲಿಯೇ. ಭಾರತಕ್ಕೆ ವೇಪ್ ತರುವುದು ಕಾನೂನಿಗೆ ವಿರುದ್ಧ, ಸ್ವಂತಕ್ಕೆ ಅಂದರೂ ಕಸ್ಟಮ್ಸ್‌ನಲ್ಲಿ ಮಾತು ನಡೆಯುವುದಿಲ್ಲ. ದಾರಿಯಲ್ಲಿ ಸಿಂಗಾಪುರ, ಥಾಯ್ಲೆಂಡ್ ಇದ್ದರೆ ಅಲ್ಲೂ ನಿಷೇಧ. ಬೇರೆಡೆಗೆ ಹೋಗುವಾಗಲೂ ಬ್ಯಾಟರಿ ಇರುವುದರಿಂದ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ಊರಿಗೆ ಹೊರಡುವಾಗ ವೇಪ್ ಮನೆಯಲ್ಲೇ ಬಿಟ್ಟು, ನಿಕೋಟಿನ್ ಗಮ್ ಅಭ್ಯಾಸವನ್ನು ಹೊರಡುವ ಎರಡು ವಾರ ಮೊದಲೇ ಮಾಡಿಕೊಳ್ಳಿ. 2 ಮಿಲಿಗ್ರಾಂ ಗಮ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ಸಿಗರೇಟ್, ತಂಬಾಕು ಬಿಡಲು ಸಹಾಯ ಬೇಕಾದರೆ ಭಾರತದ ಉಚಿತ ಸಹಾಯವಾಣಿ 1800-112-356 ಇದೆ.

ಗಮ್ ಅನ್ನು ಚೂಯಿಂಗ್ ಗಮ್ ಹಾಗೆ ಜಗಿದರೆ ನಿಕೋಟಿನ್ ಎಲ್ಲ ಹೊಟ್ಟೆಗೆ ಹೋಗಿ ಉರಿ ಮತ್ತು ಬಿಕ್ಕಳಿಕೆ ಬರುತ್ತದೆ. ಕಾಳುಮೆಣಸಿನ ಚುರುಕು ಬರುವ ತನಕ ನಿಧಾನವಾಗಿ ಜಗಿದು, ಎಲೆಅಡಿಕೆ ಹಾಕಿದವರ ಹಾಗೆ ಕೆನ್ನೆಯ ಸಂದಿಗೆ ಒತ್ತಿಡಬೇಕು. ಚುರುಕು ಹೋದಾಗ ಮತ್ತೆ ಎರಡು ಸಲ ಜಗಿದು ಮತ್ತೆ ಒತ್ತಬೇಕು. ಹೀಗೆ ಅರ್ಧ ಗಂಟೆ. ಇದಕ್ಕೆ ಹದಿನೈದು ನಿಮಿಷ ಮುಂಚೆ ಕಾಫಿ, ಜ್ಯೂಸ್ ಕುಡಿದಿದ್ದರೆ ನಿಕೋಟಿನ್ ಬಾಯಲ್ಲಿ ಸರಿಯಾಗಿ ಹೀರುವುದಿಲ್ಲ. ಹೋದ ಡಿಸೆಂಬರ್‌ನಲ್ಲಿ ಮೈಸೂರಿನ ಅದೇ ಟೀ ಅಂಗಡಿ ಮುಂದೆ ಹಳೇ ಗೆಳೆಯ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಸಿಗರೇಟ್ ಹಿಡಿದು "ತಗೋ ಮಗಾ, ಒಂದೇ ಒಂದು" ಅಂದ. ಗಮ್ ಆಗಲೇ ಕೆನ್ನೆಯಲ್ಲಿತ್ತು, ಹಾಗಾಗಿ ಕಾಫಿಯನ್ನೂ ಬೇಡ ಅನ್ನಬೇಕಾಯಿತು. ಅವನು ಬೇಜಾರು ಮಾಡಿಕೊಂಡದ್ದು ಕಾಫಿಗೆ.