ಹೂ ಬಿಡೋ ಗಿಡ, ಹೂ ಬಿಡದ ಬೀಜದ ಗಿಡ: ಬ್ಲೇಡ್ ಹಿಡಿದು ಮನೇಲೇ ಹೋಲಿಸಿ ನೋಡೋದು ಹೇಗೆ

ಆವೃತ ಬೀಜ (ಬೀಜ ಮುಚ್ಚಿದ ಕೋಣೆಯೊಳಗಿರೋ ಹೂ ಬಿಡೋ ಗಿಡ), ಅನಾವೃತ ಬೀಜ (ಬೀಜ ಬೆತ್ತಲೆಯಾಗಿರೋ, ಹೂ ಬಿಡದ ಗಿಡ) ಅಂತ ಮಕ್ಕಳ ಕೈಲಿ ಬಾಯಿಪಾಠ ಮಾಡಿಸೋ ಬದಲು ಒಂದು ಭಾನುವಾರ ಇದನ್ನ ಮಾಡಿಸಿ ನೋಡಿ, ಒಂದು ಗಂಟೆ ಸಾಕು. ಎಳೆ ಬೆಂಡೆಕಾಯಿ, ಒಂದು ದಾಸವಾಳ, ತೂಜಾ ಗಿಡದ ಒಂದೆರಡು ಕಾಯಿ, ಬ್ಲೇಡು, ಇದ್ದರೆ ಒಂದು ಭೂತಗನ್ನಡಿ. ದಾಸವಾಳ ಒಂಟಿ ಸುತ್ತಿನದೇ ಇರಲಿ, ಮುದ್ದೆ ಹೂವಲ್ಲಿ ಏನೂ ಸರಿಯಾಗಿ ಕಾಣಲ್ಲ. ತೂಜಾ ಅಂದ್ರೆ ಎಲೆ ಎಲ್ಲಾ ಬೀಸಣಿಗೆ ಥರ ಚಪ್ಪಟೆಯಾಗಿ ನೆಟ್ಟಗೆ ನಿಂತಿರುತ್ತಲ್ಲ, ಎಷ್ಟೋ ಮನೆಗಳ ಗೇಟ್ ಪಕ್ಕ ಇರುತ್ತೆ, ಅದೇ.

ಮೊದಲು ಬೆಂಡೆಕಾಯಿ ಅಡ್ಡಕ್ಕೆ ಕೊಯ್ಯಿರಿ, ಐದು ಕೋಣೆ, ಒಳಗೆ ಬೀಜ. ಆಮೇಲೆ ದಾಸವಾಳದ ಎಸಳು ಕಿತ್ತು ಬುಡದ ಹಸಿರು ಬಟ್ಟಲು ಮೆಲ್ಲಗೆ ಬಿಡಿಸಿದರೆ ಒಂದು ಪುಟ್ಟ ಗುಬುಟು ಸಿಗುತ್ತೆ, ಅದೇ ಅಂಡಾಶಯ, ಅದನ್ನೂ ಅಡ್ಡಕ್ಕೆ ಕೊಯ್ದು ನೋಡಿ, ಅದೇ ಐದು ಕೋಣೆ, ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು. ಬೆಂಡೆ, ದಾಸವಾಳ ಎರಡೂ ಒಂದೇ ಕುಟುಂಬ. ಹೂವಿನೊಳಗಿನ ಕೋಣೆನೇ ಬೆಳೆದು ಕಾಯಿ ಆಗೋದು ಅಂತ ಮಕ್ಕಳಿಗೆ ಹೇಳೋದೇ ಬೇಡ, ಅವರೇ ಹೇಳ್ತಾರೆ.

ಈಗ ತೂಜಾ ಕಾಯಿ. ಒಣಗಿ ಬಾಯಿ ಬಿಟ್ಟಿರೋದನ್ನ ತಗೊಳ್ಳಿ. ಇಲ್ಲಿ ಕೊಯ್ಯೋ ಕೆಲಸನೇ ಇಲ್ಲ, ಬೀಜ ಹಲಗೆ ಮೇಲಿಟ್ಟ ಹಾಗೆ ಸುಮ್ಮನೆ ಕೂತಿರುತ್ತೆ, ತಟ್ಟಿದರೆ ಉದುರುತ್ತೆ. "ಹಸಿಯಾಗಿದ್ದಾಗ ಮುಚ್ಚಿತ್ತಲ್ಲ?" ಅಂತ ಮಕ್ಕಳು ಕೇಳೇ ಕೇಳ್ತಾರೆ, ತುಂಬಾ ಒಳ್ಳೇ ಪ್ರಶ್ನೆ ಅದು. ಪರಾಗ ಗಾಳೀಲಿ ಬರೋ ಹೊತ್ತಿಗೆ ಆ ಹಲಗೆಗಳು ತೆರೆದೇ ಇರುತ್ತವೆ, ಪರಾಗ ನೇರ ಅಂಡಕದ, ಅಂದ್ರೆ ಮುಂದೆ ಬೀಜ ಆಗೋ ಚುಕ್ಕೆಯ, ಬಾಯಿಗೇ ಬಂದು ಬೀಳುತ್ತೆ, ಮುಚ್ಚಿಕೊಳ್ಳೋದು ಆಮೇಲೆ. ದಾಸವಾಳದಲ್ಲಿ ಹಾಗಲ್ಲ, ತುದೀಲಿರೋ ಐದು ಕೆಂಪು ಗುಂಡಿನ ಮೇಲೆ ಬಿದ್ದ ಪರಾಗ ಅಲ್ಲಿಂದ ನಾಳ ಬೆಳೆಸ್ಕೊಂಡು ಅಷ್ಟುದ್ದ ಕೆಳಗಿಳಿದು ಆ ಮುಚ್ಚಿದ ಕೋಣೆ ಸೇರಬೇಕು. ನನ್ನ ಪ್ರಕಾರ ಇಡೀ ಪಾಠದ ಜೀವ ಇರೋದು ಇಲ್ಲೇ, ಇದೊಂದು ಅರ್ಥ ಆದರೆ ಆ ಹೆಸರುಗಳು ತಾವೇ ನೆನಪಿರುತ್ತವೆ.

ಎಲೆ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಸರ್ವೆ ಮರ, ಗಾಳಿ ಮರ ಅಂತಾರಲ್ಲ, ಅದನ್ನ ಎಲ್ಲರೂ ಪೈನ್ ಅನ್ಕೋತಾರೆ, ಆದರೆ ಅದು ಹೂ ಬಿಡೋ ಮರ. ಅದರ ಒಂದು 'ಸೂಜಿ' ಎಳೆದು ನೋಡಿ, ಗೆಣ್ಣು ಗೆಣ್ಣಾಗಿ ಕಳಚುತ್ತೆ, ಯಾಕಂದ್ರೆ ಅದು ಎಲೆ ಅಲ್ಲ, ಹಸಿರು ಕಡ್ಡಿ, ನಿಜವಾದ ಎಲೆ ಅಂದ್ರೆ ಗೆಣ್ಣಿನ ಸುತ್ತ ಇರೋ ಹಲ್ಲಿನಂಥ ಚೂರುಗಳು. ಅತ್ತಿ ಹೂವ ಕಂಡವರುಂಟೆ ಅಂತಾರೆ, ಆದರೆ ಅತ್ತೀನೂ ಹೂ ಬಿಡೋ ಮರನೇ, ಎಳೇ ಕಾಯಿ ಸೀಳಿದರೆ ನೂರಾರು ಹೂ ಒಳಗೇ ಇರುತ್ತವೆ. ರಾಗಿ, ಬಿದಿರು, ತೆಂಗು ಕೂಡ ಈ ಕಡೇನೇ. ಜರೀಗಿಡಕ್ಕೆ ಬೀಜಾನೇ ಇಲ್ಲ, ಅದನ್ನ ಈ ಲೆಕ್ಕಕ್ಕೆ ತರಬೇಡಿ.

ಪಾರ್ಕಲ್ಲಿ ಪಾಮ್ ಥರ ಕಾಣೋ ಸೈಕಸ್ ಸಿಕ್ಕರೆ ನಡುವಿನ ಸುಳಿ ಹತ್ತಿರ ಬಗ್ಗಿ ನೋಡಿ, ಹೆಣ್ಣು ಗಿಡ ಆದರೆ ಕಂದು ತುಪ್ಪಳದ ಎಲೆಯಂಥದ್ದರ ಅಂಚಲ್ಲಿ ಕಿತ್ತಳೆ ಬಣ್ಣದ ಬೀಜ ಬೆತ್ತಲೆಯಾಗೇ ಕೂತಿರುತ್ತೆ. ನೋಡೋದಷ್ಟೇ, ಆ ಬೀಜ ವಿಷ, ಮಕ್ಕಳ ಬಾಯಿಗೂ ನಾಯಿ ಬಾಯಿಗೂ ಹೋಗದ ಹಾಗೆ ನೋಡ್ಕೊಳ್ಳಿ.