ಡಬ್ಲಿನ್‌ನಲ್ಲಿ ಗಲಭೆ ಆದರೆ: ಆ ರಾತ್ರಿಗೂ ಆಮೇಲಿನ ದಿನಗಳಿಗೂ

ಐರ್ಲೆಂಡಿನ ಡಬ್ಲಿನ್‌ಗೆ ಹೊಸದಾಗಿ ಬರುವವರು ನನಗೆ ಫೋನ್ ಮಾಡಿದರೆ ಮೊದಲು ಬಾಡಿಗೆ ಕೇಳುತ್ತಾರೆ. ಆಮೇಲೆ ಸ್ವಲ್ಪ ತಡೆದು, "ಅಕ್ಕಾ, ಅಲ್ಲಿ ಗಲಾಟೆ ಆಗುತ್ತಂತಲ್ಲ?" ಎನ್ನುತ್ತಾರೆ. ಹೌದು, ಆಗುತ್ತದೆ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

2023ರ ನವೆಂಬರ್ 23, ಗುರುವಾರ. ಮಧ್ಯಾಹ್ನ ಪಾರ್ನೆಲ್ ಸ್ಕ್ವೇರ್‌ನ ಒಂದು ಶಾಲೆಯ ಹೊರಗೆ 3 ಮಕ್ಕಳಿಗೂ ಅವರನ್ನು ನೋಡಿಕೊಳ್ಳುತ್ತಿದ್ದ ಮಹಿಳೆಗೂ ಚಾಕುವಿನ ಇರಿತವಾಯಿತು. ಇರಿದವನು ಹೊರದೇಶದವನು ಎಂಬ ಮಾತು ಫೋನಿಂದ ಫೋನಿಗೆ ಹಬ್ಬಿತು. ರಾತ್ರಿಯಾಗುವಷ್ಟರಲ್ಲಿ ನಗರದ ನಡುಮಧ್ಯದಲ್ಲಿ ಬಸ್ಸುಗಳು, ಒಂದು ಲುವಾಸ್ ಟ್ರಾಮ್, ಗಾರ್ಡಾ ಕಾರುಗಳು ಉರಿಯುತ್ತಿದ್ದವು. ಗಾರ್ಡಾ ಅಂದರೆ ಇಲ್ಲಿನ ಪೊಲೀಸರು. ಗಲಭೆಕೋರರು ಅಂಗಡಿಗಳ ಗಾಜು ಒಡೆದು ದೋಚಿದರು. ಆ ರಾತ್ರಿ 34 ಜನರ ಬಂಧನವಾಯಿತು. ಇಷ್ಟಕ್ಕೂ, ಚಾಕು ಹಿಡಿದವನನ್ನು ಹೆಲ್ಮೆಟ್ಟಿನಿಂದ ಹೊಡೆದು ಕೆಡವಿದವರು ಬ್ರೆಜಿಲ್‌ನಿಂದ ವಲಸೆ ಬಂದ ಡೆಲಿವರಿ ಕೆಲಸಗಾರ ಕಾಯೋ ಬೆನಿಸಿಯೊ.

ನನ್ನ ಆಫೀಸು ಲಿಫಿ ನದಿಯ ದಕ್ಷಿಣಕ್ಕೆ, ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ. ಮನೆ ಉತ್ತರಕ್ಕೆ, ಡ್ರಮ್‌ಕಾಂಡ್ರಾದಲ್ಲಿ. ದಿನವೂ ನಗರದ ನಡುವಿನ ಓ'ಕಾನೆಲ್ ಸ್ಟ್ರೀಟ್ ದಾಟಿಯೇ ಹೋಗಬೇಕು. ಅಂದು ಬಸ್ಸು ಸಿಗಲಿಲ್ಲ. ಸ್ಯಾಮ್ಯುಯೆಲ್ ಬೆಕೆಟ್ ಸೇತುವೆ ದಾಟಿ, ಬ್ಯಾಲಿಬಾ ಕಡೆಯಿಂದ ಕ್ಲಾನ್ಲಿಫ್ ರೋಡ್ ಹಿಡಿದು ನಡೆದೆ. ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಮೇಲೆ ಹೆಲಿಕಾಪ್ಟರ್ ಸದ್ದು. ಜಡೆಯನ್ನು ಟೋಪಿಯೊಳಗೆ ಸೇರಿಸಿಕೊಂಡು, ತಲೆ ತಗ್ಗಿಸಿ ನಡೆದದ್ದು ಇನ್ನೂ ನೆನಪಿದೆ. ಹಾಗೆ ನಡೆಯಬೇಕಾಗಿ ಬಂದದ್ದು ಇವತ್ತಿಗೂ ನೋಯುತ್ತದೆ.

ಅದಕ್ಕೇ ಮೊದಲ ಮಾತು: ಮನೆಗೆ ಹೋಗಲು ಎರಡನೇ ದಾರಿಯೊಂದನ್ನು ಈಗಲೇ ಕಲಿಯಿರಿ. ಒಂದು ಭಾನುವಾರ ಹಗಲಲ್ಲಿ ನಡೆದೇ ನೋಡಿ. ನಕ್ಷೆ ನೋಡಿದರೆ ಸಾಲದು, ಯಾವ ಬೀದಿಯಲ್ಲಿ ದೀಪ ಕಡಿಮೆ ಅನ್ನೋದು ಕಾಲಿಗೇ ಗೊತ್ತಾಗಬೇಕು. ಗಲಾಟೆ ನಡೆಯುವಾಗ ದಾರಿ ಸರಿಯಿಲ್ಲ ಅನಿಸಿದರೆ ಆಫೀಸಿನಲ್ಲೇ ಉಳಿಯಿರಿ, ಇಲ್ಲವೇ ಆಫೀಸಿನ ಕಡೆಯೇ ಇರುವ ಸ್ನೇಹಿತರ ಮನೆಗೆ ಹೋಗಿ. ವಿಡಿಯೊ ತೆಗೆಯಲು ನಿಲ್ಲಲೇಬೇಡಿ. ಅಪಾಯ ಅನಿಸಿದ ತಕ್ಷಣ 112 ಅಥವಾ 999ಕ್ಕೆ ಕರೆ ಮಾಡಿ.

ಎರಡನೆಯದು ಫೋನು. ಅವತ್ತು ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಇರಿದವನ ದೇಶದ ಬಗ್ಗೆ ಮೂರು ಬೇರೆ ಬೇರೆ ಸುದ್ದಿ ಬಂದವು. ಒಂದನ್ನು ನಾನೂ ಗಂಡನಿಗೆ ಕಳಿಸಿದೆ. ಬೀದಿಯಲ್ಲಿ ಬೆಂಕಿ ಹಚ್ಚಿದ್ದೂ ಅಂಥದೇ ಸುದ್ದಿ, ಅಲ್ವಾ? ಗಾರ್ಡಾ ಹೇಳಿಕೆ ಅಥವಾ ಆರ್‌ಟಿಇ (ಇಲ್ಲಿನ ಸಾರ್ವಜನಿಕ ಟಿವಿ-ರೇಡಿಯೊ ಸಂಸ್ಥೆ) ಸುದ್ದಿ ಬರುವವರೆಗೆ ಏನನ್ನೂ ಮುಂದಕ್ಕೆ ಕಳಿಸಬೇಡಿ. ಊರಿಗೆ ಮಾತ್ರ "ಮನೆ ಸೇರಿದೆ" ಎಂದು ತಪ್ಪದೇ ತಿಳಿಸಿ. ಟಿವಿಯಲ್ಲಿ ಉರಿಯುವ ಬಸ್ಸು ನೋಡಿದ ಅಮ್ಮನಿಗೆ ಡಬ್ಲಿನ್ ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗಬೇಕು?

ಯಾರಾದರೂ ಬೈದರೆ, ಉಗುಳಿದರೆ, ಹೊಡೆದರೆ ದೂರು ಕೊಡಿ. ನಮ್ಮವರು "ಹೋಗಲಿ ಬಿಡು" ಎಂದು ಸುಮ್ನಾಗುತ್ತಾರೆ. ದಿನ, ಗಂಟೆ, ಜಾಗ, ಬಸ್ ನಂಬರ್, ಆಡಿದ ಮಾತು, ಎಲ್ಲವನ್ನೂ ಆಗಲೇ ಬರೆದುಕೊಳ್ಳಿ. ಗಾರ್ಡಾ ವೆಬ್‌ಸೈಟಿನಲ್ಲೂ ದ್ವೇಷದ ಅಪರಾಧದ ದೂರು ಸಲ್ಲಿಸಬಹುದು. 2024ರ ಕೊನೆಯಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಬಣ್ಣ ಅಥವಾ ರಾಷ್ಟ್ರೀಯತೆಯ ದ್ವೇಷದಿಂದ ಮಾಡಿದ ಹಲ್ಲೆಗೆ ಶಿಕ್ಷೆ ಹೆಚ್ಚು. ದ್ವೇಷ ಭಾಷಣದ ಭಾಗವನ್ನು ಸರ್ಕಾರ ಅದರಿಂದ ಕೈಬಿಟ್ಟಿತು. ನನಗೆ ಅದು ಬೇಸರ. 2025ರ ಬೇಸಿಗೆಯಲ್ಲಿ ಭಾರತೀಯರ ಮೇಲೆ ಸಾಲು ಸಾಲು ಹಲ್ಲೆಗಳಾಗಿ, ನಮ್ಮ ರಾಯಭಾರ ಕಚೇರಿಯೇ ಎಚ್ಚರಿಕೆ ಹೊರಡಿಸಬೇಕಾಯಿತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಐರ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಚುನಾವಣೆಗೆ ಓಟು ಹಾಕಲು ಪೌರತ್ವ ಬೇಡ. 18 ತುಂಬಿ, ಇಲ್ಲಿ ವಾಸವಿದ್ದರೆ ಸಾಕು. ವರ್ಕ್ ಪರ್ಮಿಟ್‌ನಲ್ಲಿರುವವರೂ, ವಿದ್ಯಾರ್ಥಿಗಳೂ ಹಾಕಬಹುದು. ಸಂಸತ್ತಿನ ಚುನಾವಣೆಗೆ ಈ ಹಕ್ಕಿಲ್ಲ.

ಗಲಭೆಯಾದ ಏಳು ತಿಂಗಳೊಳಗೆ, 2024ರ ಜೂನ್ 7ರಂದು ಆ ಚುನಾವಣೆ ಬಂತು. ವಲಸೆ ವಿರೋಧಿಸಿಯೇ ಪ್ರಚಾರ ಮಾಡಿದ ಕೆಲವರು ಡಬ್ಲಿನ್ ನಗರ ಕೌನ್ಸಿಲ್‌ಗೆ ಗೆದ್ದು ಬಂದರು. ಹೆಲ್ಮೆಟ್ ಬೀಸಿದ ಬೆನಿಸಿಯೊ ಕೂಡ ಫಿಯೆನಾ ಫಾಲ್ ಪಕ್ಷದಿಂದ ನಿಂತಿದ್ದರು, ಸೋತರು. ಆ ದಿನ ನನ್ನ ಪರಿಚಯದ ಎಷ್ಟೋ ಕನ್ನಡ ಮನೆಗಳಲ್ಲಿ ಯಾರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಬೆಂಕಿ ನೋಡಿ ಹೆದರಿದವರು ನಾವು, ಓಟಿನ ದಿನ ಮನೆಯಲ್ಲೇ ಕೂತವರೂ ನಾವೇ.

ಹೆಸರು ಸೇರಿಸಲು ಚೆಕ್‌ದರಿಜಿಸ್ಟರ್ ಡಾಟ್ ಐಇ (checktheregister.ie) ವೆಬ್‌ಸೈಟ್ ತೆರೆಯಿರಿ. ಪಿಪಿಎಸ್ ನಂಬರ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ), ಮನೆಯ ಏರ್‌ಕೋಡ್ (ಇಲ್ಲಿನ ಪಿನ್‌ಕೋಡ್), ಹುಟ್ಟಿದ ದಿನಾಂಕ ಕೇಳುತ್ತದೆ. ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಮನೆ ಬದಲಿಸಿದರೆ ವಿಳಾಸವನ್ನೂ ಬದಲಿಸಿ. ಕೊನೇ ವಾರಕ್ಕೆ ಬಿಡಬೇಡಿ, ಪಟ್ಟಿ ಮೊದಲೇ ಮುಚ್ಚುತ್ತದೆ.

ಓಟಿನ ರೀತಿ ನಮ್ಮೂರಿನಂತಲ್ಲ. ಇಷ್ಟದವರ ಎದುರು 1, ಆಮೇಲೆ 2, 3 ಎಂದು ಬರೆಯುತ್ತಾ ಹೋಗಬೇಕು. ನಿಮ್ಮ 1 ಸೋತರೆ ಓಟು 2ಕ್ಕೆ ಹೋಗುತ್ತದೆ. ನಿಮ್ಮ ಪ್ರದೇಶದ ಹಲವು ಸೀಟುಗಳಲ್ಲಿ ಕೊನೆಯದು ಹೀಗೆ ಕೈ ಬದಲಾಯಿಸಿದ ಓಟುಗಳಿಂದಲೇ ತೀರ್ಮಾನವಾಗುವುದುಂಟು. ಹಾಗಾಗಿ 1 ಬರೆದು ನಿಲ್ಲಿಸಬೇಡಿ. ನಿಮ್ಮನ್ನು ಓಡಿಸಬೇಕು ಎನ್ನುವವರ ಎದುರು ಮಾತ್ರ ಏನೂ ಬರೆಯದೆ ಖಾಲಿ ಬಿಡಿ. ಅಭ್ಯರ್ಥಿಗಳು ಮನೆ ಬಾಗಿಲಿಗೇ ಬರುತ್ತಾರೆ. ಬಾಗಿಲು ತೆರೆದು ಕೇಳಿ: ನವೆಂಬರ್ 23ರ ರಾತ್ರಿ ನೀವು ಏನು ಹೇಳಿದಿರಿ?

ಮುಂದಿನ ಸ್ಥಳೀಯ ಚುನಾವಣೆ 2029ರಲ್ಲಿ. ಪೋಲಿಂಗ್ ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಜಾಹೀರಾತು ಎಂದು ಎಸೆಯಬೇಡಿ. ಹೋಗುವಾಗ ಪಾಸ್‌ಪೋರ್ಟ್ ಚೀಲದಲ್ಲಿರಲಿ.