ಹಳೆ ಮಿಯಾಟಾಗೆ ಹೊಸ ಚಕ್ರ ಬೇಕಾ? ಮೊದಲು ಬ್ರೇಕ್ ಬಿಚ್ಚಿ

ಹಳೆ ಸ್ಪೋರ್ಟ್ಸ್ ಕಾರ್ ಮನೆಗೆ ಬಂದ ತಕ್ಷಣ ಎಲ್ಲರ ಕಣ್ಣೂ ಹೋಗುವುದು ಚಕ್ರದ ಮೇಲೆ. ತಪ್ಪೇನಿಲ್ಲ, ಒಳ್ಳೆ ಚಕ್ರ ಹಾಕಿದರೆ ಕಾರಿನ ಕಳೆಯೇ ಬೇರೆ. ಆದರೆ ಮಾಜ್ದಾ ಮಿಯಾಟಾ ಇಟ್ಟುಕೊಂಡವರಿಗೆ ನಾನು ಹೇಳುವುದು ಒಂದೇ: ಚಕ್ರಕ್ಕೆ ದುಡ್ಡು ಕೊಡುವ ಮುಂಚೆ ಬ್ರೇಕ್ ಬಿಚ್ಚಿ ನೋಡಿ. ಯಾವ ಬ್ರೇಕ್ ಇಟ್ಟುಕೊಳ್ಳುತ್ತೀರಿ ಅನ್ನುವುದು ಗೊತ್ತಾದ ಮೇಲೇ ಯಾವ ಚಕ್ರ ಕೂರುತ್ತದೆ ಅಂತ ಹೇಳಲು ಆಗುವುದು. ಉಲ್ಟಾ ಮಾಡಿದರೆ ಎರಡೆರಡು ಸಲ ಖರ್ಚು.

ನಾನು ಹೇಳುತ್ತಿರುವುದು ಮೊದಲ ತಲೆಮಾರಿನ ಮಿಯಾಟಾ ಬಗ್ಗೆ. ಹೆಡ್‌ಲೈಟ್ ಮೇಲೆದ್ದು ಬರುತ್ತದಲ್ಲ, ಅದೇ. ಅಮೆರಿಕದಲ್ಲಿ 1990ರಿಂದ 1997ರವರೆಗಿನ ಮಾಡೆಲ್. 1.6 ಲೀಟರ್ ಎಂಜಿನ್ ಇರುವ 1993ರವರೆಗಿನ ಕಾರುಗಳಲ್ಲಿ ಮುಂದಿನ ಡಿಸ್ಕ್ 235 ಮಿ.ಮೀ., ಹಿಂದಿನದು 231. 1994ರಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಮುಂದಿನದು 255, ಹಿಂದಿನದು 251 ಆಯಿತು. ಇವೆಲ್ಲ 14 ಇಂಚಿನ ಚಕ್ರದೊಳಗೆ ಆರಾಮವಾಗಿ ಕೂರುತ್ತವೆ. ಮುಂದಿನ ತಲೆಮಾರಿನ ಕಾರಿನಲ್ಲಿ 2001ರಿಂದ ಬಂದ ದೊಡ್ಡ ಸ್ಪೋರ್ಟ್ ಬ್ರೇಕ್ ಹಾಕಬೇಕು ಅಂತಿದ್ದರೆ ಮಾತ್ರ 15 ಇಂಚಿನ ಚಕ್ರ ಬೇಕೇ ಬೇಕು.

ದೊಡ್ಡದು ಬೇಕಾ ಅಂದರೆ, ರಸ್ತೆ ಮೇಲೆ ಓಡಿಸಲು ಬೇಡ. ಈ ಕಾರಿನ ತೂಕವೇ ಒಂದು ಟನ್ ಆಸುಪಾಸು. ಇರುವ ಬ್ರೇಕ್ ಸರಿಯಾಗಿ ಕೆಲಸ ಮಾಡಿದರೆ ಸಾಕಷ್ಟು ಆಯಿತು. ಟ್ರ್ಯಾಕ್‌ಗೆ ಹೋಗುವ ಆಸೆ ಇದ್ದರೆ 1.6 ಕಾರಿಗೆ 1.8ರ ಬ್ರಾಕೆಟ್ (ಕ್ಯಾಲಿಪರ್ ಕೂರುವ ಚೌಕಟ್ಟು), ಡಿಸ್ಕ್, ಪ್ಯಾಡ್ ತಂದು ಹಾಕಿ. ಪ್ಯಾಡುಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಹಳೆಯದೇ ನಡೆಯುತ್ತದೆ.

ಮಿಶಿಗನ್, ಒಹಾಯೋ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಕಾರಾದರೆ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುವ ಸಾಧ್ಯತೆ ಜಾಸ್ತಿ. ಪತ್ತೆ ಮಾಡುವುದು ಸುಲಭ. ಒಂದು ರೌಂಡ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಕಡೆ ಬಿಸಿ ಜಾಸ್ತಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತಲೇ ಅರ್ಥ. ಬಿಚ್ಚಿದಾಗ ಒಳಗಿನ ಪ್ಯಾಡು ಸವೆದು ಹೊರಗಿನದು ದಪ್ಪ ಉಳಿದಿದ್ದರೂ ಅದೇ ಕಥೆ.

ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಎತ್ತಿ. ನೆಲದಲ್ಲೇ ಇರುವ ಚಕ್ರಗಳಿಗೆ ಮರದ ತುಂಡು ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕಲ್ಲ. ಜಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ಕೈ ಹಾಕಲೇಬೇಡಿ, ಇದರಲ್ಲಿ ರಾಜಿ ಇಲ್ಲ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಬ್ರೇಕ್ ಆಯಿಲ್ ಬರುವ ಹೋಸ್‌ನಿಂದ ನೇತಾಡಲು ಬಿಡಬೇಡಿ, ತಂತಿ ಹಾಕಿ ಸ್ಪ್ರಿಂಗ್‌ಗೆ ಕಟ್ಟಿ. ಹಳೆ ಪ್ಯಾಡಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ. ಡಿಸ್ಕ್ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಅಂಟಿಕೊಂಡು ಬರದಿದ್ದರೆ ಡಿಸ್ಕ್‌ನಲ್ಲಿ ಮರೆ (ತಿರುಪಿನ ಸುತ್ತು) ಇರುವ ಎರಡು ಸಣ್ಣ ತೂತು ಇವೆಯಾ ನೋಡಿ. ಇದ್ದರೆ ಅದಕ್ಕೆ ಬೋಲ್ಟು ಹಾಕಿ ಎರಡನ್ನೂ ಸಮನಾಗಿ ಬಿಗಿಯುತ್ತಾ ಹೋದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕ್ ಮೇಲೇ ಬರೆದಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಎಸೆಯಿರಿ.

ಈಗ ಮುಖ್ಯ ಕೆಲಸ, ಮುಂದಿನ ಕ್ಯಾಲಿಪರ್ ರೀಬಿಲ್ಡ್. ಹೋಸ್ ಬಿಚ್ಚುವ ಮುಂಚೆಯೇ ಪೆಡಲ್ ಮೆಲ್ಲಗೆ ಒತ್ತಿ ಪಿಸ್ಟನ್ ಅನ್ನು ಮುಕ್ಕಾಲು ಭಾಗ ಹೊರಗೆ ತಂದುಕೊಳ್ಳಿ, ಆಮೇಲೆ ಕಷ್ಟಪಡಬೇಕಾಗಿಲ್ಲ. ಕಂಪ್ರೆಸರ್ ಗಾಳಿಯಿಂದ ಹೊರಡಿಸುವುದಾದರೆ ಎದುರಿಗೆ ಮರದ ತುಂಡು ಇಟ್ಟು, ಗಾಳಿಯನ್ನು ತುಂಬ ಕಡಿಮೆಯಿಂದ ಶುರು ಮಾಡಿ. ಬೆರಳು ಮಾತ್ರ ಆ ಕಡೆ ಹೋಗಬಾರದು. ಪಿಸ್ಟನ್ ಬಂದ ಮೇಲೆ ಒಳಗಿನ ಗೋಡೆಯಲ್ಲಿ ಒಂದು ರಬ್ಬರ್ ಉಂಗುರ ಕಾಣುತ್ತದೆ, ಚೌಕ ಅಂಚಿನದು. ಬ್ರೇಕ್ ಆಯಿಲ್ ಸೋರದಂತೆ ತಡೆಯುವುದು ಇದೇ. ಇದಕ್ಕೆ ಇನ್ನೊಂದು ಕೆಲಸವೂ ಇದೆ. ಪೆಡಲ್ ಒತ್ತಿದಾಗ ಪಿಸ್ಟನ್ ಜೊತೆ ಸ್ವಲ್ಪ ವಾಲುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ ಅನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಉಂಗುರ ಕೂರುವ ತೋಡಿನಲ್ಲಿ ತುಕ್ಕು, ಕಂದು ಬಣ್ಣದ ಜಿಗುಟು ಕಟ್ಟಿದ್ದರೆ ಹೊಸ ಉಂಗುರ ಹಾಕಿದರೂ ಬ್ರೇಕ್ ಬಿಡುವುದಿಲ್ಲ. ಅದಕ್ಕೇ ಆ ತೋಡನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು, ಸುತ್ತಲೂ ಲೋಹ ಹೊಳೆಯುವವರೆಗೆ ಶುಚಿ ಮಾಡಿ. ಸ್ಕ್ರೂಡ್ರೈವರ್ ತುದಿ ಹಾಕಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಆಯಿಲ್ ಸೋರುತ್ತದೆ. ಪಿಸ್ಟನ್ ಮೇಲೆ ಉಗುರು ಆಡಿಸಿ, ಎಲ್ಲಾದರೂ ಸಿಕ್ಕಿಕೊಂಡರೆ ಅದನ್ನು ಬದಲಿಸಿ.

ಜೋಡಿಸುವಾಗ ಉಂಗುರಕ್ಕೂ ಪಿಸ್ಟನ್‌ಗೂ ಹೊಸ ಬ್ರೇಕ್ ಆಯಿಲ್ ಸವರಿ, ಕೈಯಲ್ಲೇ ನೇರವಾಗಿ ಒತ್ತಿ. ಪಿನ್ನುಗಳಿಗೆ ಸಿಲಿಕೋನ್ ಬ್ರೇಕ್ ಗ್ರೀಸ್. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಹತ್ತಿರವೂ ತರಬೇಡಿ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಹೋಸ್‌ನ ಎರಡೂ ಬದಿಯ ತಾಮ್ರದ ವಾಷರ್ ಪ್ರತಿ ಸಲವೂ ಹೊಸದೇ ಇರಬೇಕು.

ಹಿಂದಿನ ಕ್ಯಾಲಿಪರ್ ಒಳಗೆ ಹ್ಯಾಂಡ್ ಬ್ರೇಕ್ ಮೆಕ್ಯಾನಿಸಂ ಇರುವುದರಿಂದ ಅದನ್ನು ಬಿಚ್ಚಿ ಜೋಡಿಸುವುದಕ್ಕಿಂತ ರೀಬಿಲ್ಡ್ ಆಗಿ ಬರುವುದನ್ನೇ ಕೊಳ್ಳುವುದು ಜಾಣತನ. ಅಮೆರಿಕದ ಪಾರ್ಟ್ಸ್ ಅಂಗಡಿಗಳಲ್ಲಿ ಹಳೆಯದನ್ನು ಕೊಟ್ಟರೆ ಡಿಪಾಸಿಟ್ ವಾಪಸ್ ಸಿಗುತ್ತದೆ, ಹಾಗಾಗಿ ತುಕ್ಕು ಹಿಡಿದಿದೆ ಅಂತ ಸುಮ್ನೆ ಬಿಸಾಡಬೇಡಿ. ಇಲ್ಲಿ ಪಿಸ್ಟನ್ ಒತ್ತಿದರೆ ಒಳಗೆ ಹೋಗುವುದಿಲ್ಲ. ಕ್ಲ್ಯಾಂಪ್ ಹಾಕಿ ಬಲ ಬಿಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕ್ಯಾಲಿಪರ್ ಹಿಂಬದಿಯಲ್ಲಿ 14 ಮಿ.ಮೀ. ತಲೆಯ ಒಂದು ಬೋಲ್ಟು ಇದೆ, ಅದು ಬರೀ ಮುಚ್ಚಳ. ಅದನ್ನು ತೆಗೆದು ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತದೆ. ಪ್ಯಾಡ್ ಹಾಕಿದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿಟ್ಟು, ಡಿಸ್ಕ್ ಹಿಡಿದುಕೊಳ್ಳುವವರೆಗೆ ಬಲಕ್ಕೆ ತಿರುಗಿಸಿ, ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ. ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯಲ್ಲ ಅನ್ನುವ ಎಷ್ಟೋ ಮಿಯಾಟಾಗಳಿಗೆ ಮದ್ದು ಇಷ್ಟೇ, ಕೇಬಲ್ ಎಳೆದು ಬಿಗಿ ಮಾಡಬೇಕಾಗಿಲ್ಲ.

ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ತೆಗೆಯುವ ಮುಂಚೆ ಒಂದು ಸಲ ಕಣ್ಣು ಹಾಯಿಸಿ, ಆ ಗಾಳಿ ಹೊರಬರುವ ಬ್ಲೀಡ್ ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲಿ ಇರಬೇಕು. ಕೆಳಗಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೀರಿ, ಎಷ್ಟು ಪಂಪ್ ಮಾಡಿದರೂ ಗಾಳಿ ಹೋಗಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು: ಎಡಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಕೊನೆಗೆ ಮುಂದಿನ ಎಡ. ಡಾಟ್ 4 ಆಯಿಲ್ ಹಾಕಿ, ಸಿಲಿಕೋನ್‌ನ ಡಾಟ್ 5 ಬೇಡ. ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬದಲ್ಲಿ ಆಯಿಲ್ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ತಕ್ಷಣ ನೀರು ಹಾಕಿ ತೊಳೆಯಿರಿ.

ಈಗ ಚಕ್ರ. ಒರಿಜಿನಲ್ ಟೈರ್ 185/60ಆರ್14, ಎತ್ತರ ಸುಮಾರು 578 ಮಿ.ಮೀ. 15 ಇಂಚಿಗೆ ಹೋದರೆ 195/50ಆರ್15 ತಗೊಳ್ಳಿ, ಎತ್ತರ 576, ಸ್ಪೀಡೋಮೀಟರ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. 205/50 ಕೂಡ ಚೆನ್ನಾಗಿರುತ್ತದೆ, 586. 17 ಇಂಚು ಹಾಕುವವರಿದ್ದಾರೆ, ನನಗೆ ಅದು ಒಪ್ಪಿಗೆ ಇಲ್ಲ. ಹಗುರ ಕಾರಿಗೆ ಭಾರದ ಚಕ್ರ ಹಾಕಿದರೆ ಅದರ ಚುರುಕುತನವೇ ಹೋಗುತ್ತದೆ. ಅಗಲ 7 ಇಂಚು, ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕೆ ಇರುವ ದೂರ) 30ರಿಂದ 40 ಮಿ.ಮೀ. ನಡುವೆ ಇದ್ದರೆ ಫೆಂಡರ್‌ಗೆ ತಾಗುವ ತಲೆನೋವು ಕಡಿಮೆ.

ಬೋಲ್ಟುಗಳ ಲೆಕ್ಕ 4x100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟು, ನಡುವಿನ ತೂತು 54.1 ಮಿ.ಮೀ. ಹಳೆ ಹೋಂಡಾ ಸಿವಿಕ್ ಚಕ್ರಗಳೂ 4x100, ಅಗ್ಗಕ್ಕೂ ಸಿಗುತ್ತವೆ, ಆದರೆ ನಡುವಿನ ತೂತು 56.1. ಆ ಎರಡು ಮಿ.ಮೀ. ತುಂಬಲು ರಿಂಗ್ ಹಾಕದಿದ್ದರೆ ಹೈವೇಯಲ್ಲಿ ಸ್ಟೀರಿಂಗ್ ನಡುಗಬಹುದು. ಅದಕ್ಕಿಂತ ಮುಖ್ಯವಾಗಿ, ಹೋಂಡಾ ಕಂಪನಿ ಚಕ್ರಕ್ಕೆ ಕೂರುವುದು ಗುಂಡು ತಳದ ನಟ್ಟು, ಮಿಯಾಟಾದ್ದು ಶಂಕುವಿನಾಕಾರ. ಮರೆ ಎರಡಕ್ಕೂ ಒಂದೇ ಆದ್ದರಿಂದ ತಪ್ಪು ನಟ್ಟೂ ಸಲೀಸಾಗಿ ಹತ್ತುತ್ತದೆ, ಆದರೆ ಸರಿಯಾಗಿ ಕೂರದೆ ಓಡುತ್ತಾ ಸಡಿಲವಾಗುತ್ತದೆ.

ಹಬ್ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆದು ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಟಾರ್ಕ್ (ಬಿಗಿಯುವ ಬಲ) 88ರಿಂದ 118 ನ್ಯೂಟನ್ ಮೀಟರ್, ನಾನು 100ಕ್ಕೆ ಇಡುತ್ತೇನೆ. ಕಾರ್ ಚಾಲೂ ಮಾಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಮೊದಲು ಬೀದಿಯಲ್ಲೇ ನಿಧಾನವಾಗಿ ನಾಲ್ಕಾರು ಸಲ ನಿಲ್ಲಿಸಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ 80 ಕಿ.ಮೀ. ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಬ್ರೇಕ್ ಹಿಡಿಯಿರಿ. ಮುಗಿದ ಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ. 100 ಕಿ.ಮೀ. ಆದ ಮೇಲೆ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ, ಹೋಸ್ ಕೂಡುವ ಜಾಗದಲ್ಲಿ ಟಿಶ್ಯೂ ಒತ್ತಿ ಒದ್ದೆ ಇದೆಯಾ ನೋಡಿ.